ಅಕ್ಕ ಓಡಿದಳು, ತಮ್ಮ ಕೂತು ನೋಡಿದ

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗಳು ಹತ್ತು ತಿಂಗಳಿಗೇ ನಡೆದಳು. ಮಗನಿಗೆ ಈಗ ಹದಿಮೂರು ತಿಂಗಳು. ಗೋಡೆ ಹಿಡಿದು ನಿಲ್ಲುತ್ತಾನೆ, ಕೈ ಬಿಟ್ಟರೆ ಕೂತುಬಿಡುತ್ತಾನೆ. ಬಂದವರೆಲ್ಲ ಅಕ್ಕನ ಜೊತೆ ಹೋಲಿಸುತ್ತಾರೆ. ಖುಷಿಪಡೋಕೂ ಭಯ ಆಗುತ್ತೆ. ಮಕ್ಕಳು ಒಂದೊಂದೇ ಕಲಿಯುವಾಗ ನಿಮ್ಮ ಮನೆಯಲ್ಲಿ ಹೇಗೆ ಸಂಭ್ರಮ ಮಾಡ್ತೀರಿ? ವಾಕರ್, ಪೀಪಿ ಶೂ ಕೊಡಿಸಲಾ?

ಉತ್ತರ:

ನಮ್ಮದು ಬಳ್ಳಾರಿ. ಮನೆಯ ಮುಂದಿನ ಕೋಣೆಯಲ್ಲೇ ಮಷೀನ್ ಹಾಕಿಕೊಂಡು ಜೀನ್ಸ್ ಹೊಲಿಯುವ ಜಾಬ್‌ವರ್ಕ್ ಮಾಡುತ್ತೇನೆ. ಲಾಭ ಎಷ್ಟು ಅಂತ ಕೇಳಬೇಡಿ. ಆದರೆ ಮಕ್ಕಳು ಇಡೀ ದಿನ ಕಣ್ಣೆದುರೇ ಇರುತ್ತಾರೆ, ಅದೊಂದು ದೊಡ್ಡ ಲಾಭ. ನನಗೂ ನಿಮ್ಮ ಹಾಗೇ ದೊಡ್ಡವಳು ಮಗಳು, ಚಿಕ್ಕವನು ಮಗ. ಅವಳಿಗೆ ಈಗ ಐದು, ಇವನಿಗೆ ಎರಡೂವರೆ. ಅವಳೂ ಬೇಗ ನಡೆದವಳೇ, ಇವನು ತಡ ಮಾಡಿದವನೇ. ನಿಮ್ಮ ಪ್ರಶ್ನೆ ಓದಿ ನಮ್ಮ ಮನೆಯದ್ದೇ ಯಾರೋ ಬರೆದುಬಿಟ್ಟಿದ್ದಾರೆ ಅನ್ನಿಸಿತು.

ಮೊದಲು ಭಯದ ವಿಷಯ ಮುಗಿಸಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ನಡೆಯುವ ತನಕ ಗಮನಿಸಿ, 2006ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಆರೋಗ್ಯವಾಗಿರುವ ಮಗು ಆಸರೆ ಇಲ್ಲದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳ ಒಳಗೆ ಯಾವಾಗ ಬೇಕಾದರೂ ಆಗಬಹುದು. ಎಷ್ಟು ಅಗಲದ ಬಾಗಿಲು ನೋಡಿ! ನಿಮ್ಮ ಮಗಳು ಆ ತುದಿಯಲ್ಲಿ ಒಳಗೆ ಬಂದಳು, ಮಗ ಈ ತುದಿಯಲ್ಲಿ ಬರುತ್ತಾನೆ. ಅಂಬೆಗಾಲಿಗೂ ಹಾಗೇ, 5.2ರಿಂದ 13.5 ತಿಂಗಳು. ಆ ಮಕ್ಕಳಲ್ಲಿ ಶೇಕಡಾ ನಾಲ್ಕರಷ್ಟು ಮಂದಿ ಅಂಬೆಗಾಲು ಇಡದೇ ನೇರ ಮುಂದಿನ ಹಂತಕ್ಕೆ ಹೋಗಿದ್ದರು.

ನಮ್ಮವನು ಆ ಪೈಕಿ. ಅಂಬೆಗಾಲೇ ಇಡಲಿಲ್ಲ. ಕೂತಲ್ಲಿಂದಲೇ ಕುಂಡಿ ಮೇಲೆ ಜಾರಿಕೊಂಡು ಹೋಗುತ್ತಿದ್ದ, ಒಂದು ಕಾಲು ಮಡಚಿ, ಇನ್ನೊಂದು ಕಾಲಲ್ಲಿ ನೆಲ ಎಳೆದುಕೊಂಡು. ಕೈ ಎರಡೂ ಖಾಲಿ ಇರುತ್ತಿದ್ದವಲ್ಲ, ಒಂದರಲ್ಲಿ ಖಾಲಿ ದಾರದ ಕೋನ್ ಇರಲೇಬೇಕು. ಅದನ್ನು ಹಿಡಿದುಕೊಂಡು ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ. ನನ್ನ ಅವ್ವ "ಇವ್ನ ಚಡ್ಡಿ ಒಂದು ತಿಂಗಳೂ ಬಾಳಲ್ಲ ನೋಡು" ಅಂತ ಬೈಯುತ್ತಿದ್ದಳು. ಮಕ್ಕಳ ಡಾಕ್ಟರಿಗೆ ತೋರಿಸಿದಾಗ ಅವರು ನಕ್ಕು, ಹೀಗೆ ಜಾರಿಕೊಂಡು ಓಡಾಡುವ ಮಕ್ಕಳು ನಡೆಯುವುದು ಸಾಮಾನ್ಯವಾಗಿ ಸ್ವಲ್ಪ ತಡ, ಇವರಿಗೆ ನಿಲ್ಲುವ ಅರ್ಜೆಂಟ್ ಇರೋದಿಲ್ಲ ಅಂದರು. ಹದಿನಾರು ತಿಂಗಳು ತುಂಬಿದ ಮೇಲೆ ಎದ್ದು ನಡೆದ.

ಯಾವಾಗ ಡಾಕ್ಟರ ಹತ್ತಿರ ಹೋಗಲೇಬೇಕು ಅನ್ನೋದನ್ನೂ ಹೇಳಿಬಿಡುತ್ತೇನೆ. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ. ಒಂದೇ ಕಡೆಯ ಕೈಕಾಲು ಜಾಸ್ತಿ ಬಳಸುತ್ತಿದ್ದರೆ. ಮೈ ತೀರಾ ಬಿಗಿ ಅಥವಾ ತೀರಾ ಸಡಿಲ ಅನ್ನಿಸಿದರೆ. ಹೆಸರು ಕರೆದರೆ ತಿರುಗದಿದ್ದರೆ. ಒಂದೂವರೆ ವರ್ಷಕ್ಕೆ ಒಂದೂ ಮಾತು ಬಾರದಿದ್ದರೆ. ಎಲ್ಲಕ್ಕಿಂತ ಮುಖ್ಯ, ಬರುತ್ತಿದ್ದ ಮಾತೋ ಆಟವೋ ನಿಂತುಹೋದರೆ ಒಂದು ವಾರವೂ ಕಾಯಬೇಡಿ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನದಿಂದ ಎಣಿಸಬೇಕು, ಹುಟ್ಟಿದ ದಿನದಿಂದ ಅಲ್ಲ. ತಾಯಿ ಕಾರ್ಡ್ ಇದೆಯಲ್ಲ, ಅದನ್ನು ನಾವು ಲಸಿಕೆಗೆ ಮಾತ್ರ ತೆಗೆಯುತ್ತೇವೆ. ಅದರಲ್ಲಿ ತೂಕದ ಗೆರೆಯೂ ಇರುತ್ತೆ, ಯಾವ ತಿಂಗಳಿಗೆ ಮಗು ಏನು ಮಾಡಬೇಕು ಅನ್ನುವ ಚಿತ್ರಗಳೂ ಇರುತ್ತವೆ. ಅಂಗನವಾಡಿ ಅಕ್ಕನ ಹತ್ತಿರ ಕೂತು ಒಮ್ಮೆ ನೋಡಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇರುವುದೇ ಇಂಥ ತಪಾಸಣೆಗೆ, ದುಡ್ಡು ಕೊಡಬೇಕಿಲ್ಲ.

ಇಷ್ಟರಲ್ಲಿ ಯಾವುದೂ ಇಲ್ಲ ಅಂದಮೇಲೆ ಖುಷಿಪಡೋಕೆ ಏನು ಅಡ್ಡಿ?

ನಮ್ಮ ಪಕ್ಕದ ಮನೆಯವರು ತೆಲುಗಿನವರು. ಬಳ್ಳಾರಿಯಲ್ಲಿ ಇದೇನು ವಿಶೇಷ ಅಲ್ಲ, ಗೋಡೆಯ ಆಚೆ ತೆಲುಗು, ಈಚೆ ಕನ್ನಡ, ಎದುರುಗಡೆ ಉರ್ದು. ಆ ಮನೆಯ ಹಿರಿಯರನ್ನು ನಮ್ಮ ಮಕ್ಕಳೂ ಅಮ್ಮಮ್ಮ ಅಂತಲೇ ಕರೆಯುತ್ತಾರೆ. ಮಗು ಕಲಿಯುವ ಒಂದೊಂದಕ್ಕೂ ಅವರಲ್ಲಿ ಒಂದೊಂದು ತಿಂಡಿ. ನಕ್ಕರೆ ಎಳ್ಳುಂಡೆ, ಬೋರಲು ಬಿದ್ದರೆ ಹೋಳಿಗೆ, ಹೆಜ್ಜೆ ಇಟ್ಟರೆ ಅರಿಸೆಲು. ಅರಿಸೆಲು ಅಂದರೆ ನಮ್ಮ ಕಜ್ಜಾಯವೇ, ಮೇಲೆ ಎಳ್ಳು. ಅವನ್ನು ಸಾಲಾಗಿ ಬಟ್ಟೆಯ ಮೇಲೆ ಹಾಸಿ ಮಗುವನ್ನು ಅದರ ಮೇಲೆ ನಡೆಸುತ್ತಾರೆ. ನಮ್ಮ ಮಕ್ಕಳಿಗೂ ಅವರೇ ಮಾಡಿದರು.

ಮಗಳ ಸಲ ಹೇಗಿತ್ತು ಅಂದರೆ, ಅಮ್ಮಮ್ಮ ಕೊನೆಯ ಕಜ್ಜಾಯ ಇಡುವಷ್ಟರಲ್ಲಿ ಇವಳು ಮೊದಲನೆಯದನ್ನು ತುಳಿದು, ಅಲ್ಲಿಂದ ಓಡಿ, ಮಧ್ಯದ್ದೆಲ್ಲ ಬಿಟ್ಟು ಬಾಗಿಲಾಚೆ ಹೋಗಿಬಿಟ್ಟಿದ್ದಳು. ಫೋಟೋದಲ್ಲಿ ಇರುವುದು ಒಂದು ಲಂಗದ ಅಂಚು ಅಷ್ಟೇ. ಸುಮಾರು ಮೂರು ವರ್ಷದ ಮೇಲೆ ತಮ್ಮನ ಸರದಿ. ಕಜ್ಜಾಯ ಸಾಲಾಗಿ ಇಡುವ ಕೆಲಸ ಅಕ್ಕನಿಗೇ ಕೊಟ್ಟೆವು. ಇವನನ್ನು ಮೊದಲನೆಯದರ ಮೇಲೆ ನಿಲ್ಲಿಸಿದರು. ಕಾಲ ಕೆಳಗೆ ಮೆತ್ತಗೆ ಏನೋ ತಾಗಿತು. ಬಗ್ಗಿ ನೋಡಿದ. ನಿಧಾನಕ್ಕೆ ಕೂತ. ಕಾಲು ಸರಿಸಿ, ಕಜ್ಜಾಯ ಎತ್ತಿ, ಮೇಲಿನ ಎಳ್ಳನ್ನು ಒಂದೊಂದೇ ಕಿತ್ತು ಪಕ್ಕಕ್ಕಿಟ್ಟು, ಆಮೇಲೆ ಕಚ್ಚಿದ. ಎಲ್ಲರೂ "ನಡಿಯೋ, ನಡಿಯೋ" ಅಂತ ಕೂಗುತ್ತಿದ್ದರೆ ಅವನು ತಲೆ ಎತ್ತಲೇ ಇಲ್ಲ. ಅಮ್ಮಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಿಂದು ಮುಗಿಸಿ, ಎದ್ದು, ಎರಡನೆಯದರ ಮೇಲೆ ಕಾಲಿಟ್ಟ. ಇಬ್ಬರೂ ಈಗಲೂ ಹಾಗೇ ಇದ್ದಾರೆ. ಶಾಲೆಗೆ ಹೊರಡುವಾಗ ಒಂದು ಚಪ್ಪಲಿ ಹಾಕಿಕೊಂಡು ಓಡುವವಳು ಅವಳು, ಚಪ್ಪಲಿ ತಿರುಗಿಸಿ ತಳ ನೋಡಿ ಆಮೇಲೆ ಹಾಕಿಕೊಳ್ಳುವವನು ಇವನು.

ಹಾಗಾಗಿ ನಾನು ದಿನಾಂಕಕ್ಕಿಂತ ಜಾಸ್ತಿ ಗಮನಿಸುವುದು ರೀತಿಯನ್ನು. ಪೀಸ್ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಗಳು ಮಕ್ಕಳಿಗೆ ಮೀಸಲು. "ಮೊದಲ ಹಲ್ಲು, ಕೆಳಗಡೆ, ನನ್ನ ಬೆರಳಿಗೇ ಬೋಣಿ" ಅಂತ ಮಗಳ ಹೆಸರಲ್ಲಿದೆ. "ಟಾಟಾ ಮಾಡಿದ, ಆದರೆ ಮಾಮ ಹೋದಮೇಲೆ, ಖಾಲಿ ಬಾಗಿಲಿಗೆ" ಅಂತ ಮಗನ ಹೆಸರಲ್ಲಿದೆ. ಒಂದೇ ಸಾಲು ಸಾಕು. ಫೋನಿನಲ್ಲಿರುವ ಸಾವಿರ ಫೋಟೋಗಿಂತ ಆ ಹಾಳೆಗಳನ್ನೇ ನನ್ನ ಹೆಂಡತಿ ತೆಗೆದು ತೆಗೆದು ಓದುತ್ತಾಳೆ.

ಯಾರೂ ಸಂಭ್ರಮಿಸದ ಒಂದು ಹಂತ ಇದೆ, ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಮಗು ಕನ್ನಡಿಯಲ್ಲಿ ಕಾಣುವುದು ತಾನೇ ಅಂತ ಗುರುತು ಹಿಡಿಯುವುದು. 1972ರಲ್ಲಿ ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಅನ್ನುವ ಮನಃಶಾಸ್ತ್ರಜ್ಞೆ ಮಕ್ಕಳ ಮುಖಕ್ಕೆ ಬಣ್ಣದ ಚುಕ್ಕೆ ಇಟ್ಟು ಕನ್ನಡಿ ಮುಂದೆ ಬಿಟ್ಟು ನೋಡಿದರು. ಸಣ್ಣ ಮಕ್ಕಳು ಕನ್ನಡಿಯೊಳಗಿನ ಮಗುವಿನ ಜೊತೆ ಆಡುತ್ತಾರೆ. ಒಂದೂವರೆ ವರ್ಷದಿಂದ ಎರಡು ವರ್ಷದ ಒಳಗೆ ಹೆಚ್ಚಿನವರ ಕೈ ತಮ್ಮ ಮುಖಕ್ಕೇ ಹೋಗುತ್ತೆ. ನಮಗೆ ಬಣ್ಣ ಯಾಕೆ, ಕಾಡಿಗೆಯ ದೃಷ್ಟಿಬೊಟ್ಟು ದಿನಾ ಇಟ್ಟೇ ಇಡುತ್ತೇವಲ್ಲ! ಬೀರುವಿನ ಕನ್ನಡಿ ಮುಂದೆ ಬಿಟ್ಟರೆ ಆಯಿತು. ಮಗಳು ಬಹಳ ದಿನ ಕನ್ನಡಿಗೇ ಮುತ್ತು ಕೊಡುತ್ತಿದ್ದಳು, ಕನ್ನಡಿ ತುಂಬಾ ಎಂಜಲು. ಒಂದು ಬೆಳಿಗ್ಗೆ ಥಟ್ಟನೆ ತನ್ನ ಕೆನ್ನೆ ಉಜ್ಜಿ, ಕರಿ ಬೆರಳು ನೋಡಿ, ಆ ಬೆರಳಿಂದ ಕನ್ನಡಿಯೊಳಗಿನವಳಿಗೂ ಬೊಟ್ಟಿಟ್ಟಳು. ಮಗ ಕನ್ನಡಿಯ ಹಿಂದೆ ಯಾರಿದ್ದಾರೆ ಅಂತ ಬೀರು ಬಾಗಿಲು ತೆಗೆದು ತೆಗೆದು ನೋಡಿದ. ಗೊತ್ತಾದ ದಿನ ಕೆನ್ನೆ ಮುಟ್ಟಿಕೊಂಡು ಸುಮ್ನೆ ನಿಂತ, ಆಮೇಲೆ ನಮ್ಮ ಕಡೆ ತಿರುಗಿ ಸಣ್ಣಗೆ ನಕ್ಕ. ಅವತ್ತು ನಾನು ಕೆಲಸ ನಿಲ್ಲಿಸಿ ಯೂನಿಟ್ಟಿನವರಿಗೆಲ್ಲ ಒಗ್ಗರಣಿ ಮಿರ್ಚಿ ತರಿಸಿದೆ. ನಮ್ಮಲ್ಲಿ ಮಕ್ಕಳು ಏನೇ ಕಲಿತರೂ ಮಿರ್ಚಿ ತಿನ್ನುವವರು ದೊಡ್ಡವರೇ. ಯಾಕೆ ಪಾರ್ಟಿ ಅಂತ ಕೇಳಿದವರಿಗೆ "ಮಗನಿಗೆ ತಾನು ಯಾರು ಅಂತ ಗೊತ್ತಾಯ್ತು" ಅಂದೆ. "ನಮಗೇ ಇನ್ನೂ ಗೊತ್ತಾಗಿಲ್ಲಲ್ಲಣ್ಣ" ಅಂದ ಓವರ್‌ಲಾಕ್ ಮಷೀನಿನ ಹುಡುಗ.

ಒಂದೇ ಮನೆ, ಒಂದೇ ಅನ್ನ, ಹೇಗೆ ಇಷ್ಟು ಬೇರೆ ಅಂತ ನಿಮಗೂ ಅನ್ನಿಸುತ್ತಿರಬಹುದು. 1956ರಲ್ಲಿ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಅನ್ನುವ ವೈದ್ಯ ದಂಪತಿ ಮಕ್ಕಳ ಸ್ವಭಾವವನ್ನು ಹಸುಗೂಸಿನಿಂದ ಹಿಡಿದು ವರ್ಷಗಟ್ಟಲೆ ಗಮನಿಸಲು ಶುರು ಮಾಡಿದರು. ಬಂದದ್ದಕ್ಕೆ ಸಲೀಸಾಗಿ ಹೊಂದಿಕೊಳ್ಳುವವರು, ಹಟದವರು, ಹೊಸದಕ್ಕೆ ನಿಧಾನವಾಗಿ ಒಗ್ಗುವವರು, ಈ ಮೂರೂ ಬಗೆ ಮೊದಲ ತಿಂಗಳುಗಳಲ್ಲೇ ಕಾಣುತ್ತವೆ ಅಂದರು. ಮೂರರಲ್ಲಿ ಯಾವುದಕ್ಕೂ ಸೇರದ ಮಿಶ್ರ ಮಕ್ಕಳೂ ಬಹಳ. ಸ್ವಭಾವ ಒಳ್ಳೇದು ಕೆಟ್ಟದ್ದು ಅನ್ನೋ ಮಾತೇ ಇಲ್ಲ, ಮನೆಯವರು ಅದಕ್ಕೆ ಹೊಂದಿಕೊಂಡರೆ ಮಗು ಚೆನ್ನಾಗಿ ಬೆಳೆಯುತ್ತೆ ಅನ್ನೋದು ಅವರ ವಾದ. ನಮ್ಮೂರ ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆಯ ದಿನ ನಾನು ಇದನ್ನು ಕಣ್ಣಾರೆ ಕಂಡೆ. ಆ ಜನಜಂಗುಳಿಯಲ್ಲಿ ಮಗಳು ಬಲೂನಿನವನ ಜೊತೆ ರೇಟು ಮಾತಾಡುತ್ತಿದ್ದಳು. ಮಗ ನನ್ನ ಹೆಗಲಿಗೆ ಮುಖ ಒತ್ತಿಕೊಂಡವನು ಅಲುಗಾಡಲಿಲ್ಲ. "ಏನಪ್ಪಾ, ಹೆದರುಪುಕ್ಕಲು ಮಗ" ಅಂದರು ಯಾರೋ ನೆಂಟರು. ಮನೆಗೆ ಬಂದಮೇಲೆ ಅವನೇ ದಾರದ ಕೋನುಗಳನ್ನು ಸಾಲಿಗಿಟ್ಟು, ಡೊಳ್ಳು ಬಡಿಯುತ್ತಾ ಬಂಡಿ ಎಳೆದ. ಅಷ್ಟು ಹೊತ್ತು ಮುಖ ಮುಚ್ಚಿಕೊಂಡೂ ಎಲ್ಲ ನೋಡಿದ್ದ ಕಳ್ಳ.

ಮಾತಿನ ಬಗ್ಗೆ ನೀವು ಕೇಳಿಲ್ಲ, ಆದರೂ ಮುಂದೆ ಬರುತ್ತೆ. ಮಗನಿಗೆ ಕುಡಿಯೋಕೆ ಬೇಕಾದರೆ "ಅವ್ವಾ, ನೀಳ್ಳು" ಅನ್ನುತ್ತಾನೆ, ಕೊಡುವುದು ತಡವಾದರೆ "ಪಾನಿ!" ಅಂತ ಕಿರುಚುತ್ತಾನೆ. ಮೂರು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತೆ ಅಂತ ಹೆದರಿಸುವವರು ಸಿಗುತ್ತಾರೆ. ಹಾಗೇನಿಲ್ಲ. ಎಲ್ಲ ಭಾಷೆಯ ಪದಗಳನ್ನೂ ಒಟ್ಟಿಗೆ ಸೇರಿಸಿ ಎಣಿಸಬೇಕು, ಅಷ್ಟೇ. ನಾಲಿಗೆ ಹೊರಳಲಿ ಅಂತ ಜೇನುತುಪ್ಪ ನೆಕ್ಕಿಸೋದು ಮಾತ್ರ ಒಂದು ವರ್ಷದ ಒಳಗಿನ ಮಗುವಿಗೆ ಬೇಡವೇ ಬೇಡ, ಅದರಿಂದ ಬೊಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಬರಬಹುದು.

ಹೋಲಿಸುವವರ ಬಾಯಿ ಮುಚ್ಚಿಸೋಕೆ ಆಗಲ್ಲ. ನಾನು ಮಾಡುವುದು ಒಂದೇ. "ಅಕ್ಕ ಇಷ್ಟೊತ್ತಿಗೆ ಓಡ್ತಿದ್ದಳಲ್ಲ?" ಅಂದರೆ, "ಹೌದು. ಇವನು ನಿನ್ನೆ ಏನು ಮಾಡಿದ ಗೊತ್ತಾ?" ಅಂತ ಅವನ ಕಥೆ ಶುರು ಮಾಡುತ್ತೇನೆ. ಅದೂ ಮಗಳ ಎದುರಿಗೇ, ಯಾಕೆಂದರೆ ಹೋಲಿಕೆ ಜಾಸ್ತಿ ಕೆಡಿಸೋದು ಮುಂದಿರುವ ಮಗುವನ್ನು. ನಮ್ಮವಳು ಈಗ ಬಂದವರಿಗೆಲ್ಲ "ಇವನಿಗೆ ನಡೆಯೋದು ನಾನೇ ಕಲಿಸಿದ್ದು" ಅಂತ ಹೇಳಿಕೊಂಡು ತಿರುಗುತ್ತಾಳೆ. ಹೇಳಿಕೊಳ್ಳಲಿ ಬಿಡಿ.

ನಮ್ಮ ಕಸುಬಿನ ಒಂದು ಸಂಭ್ರಮವೂ ಇದೆ. ಹೊಸದೇನಾದರೂ ಕಲಿತರೆ ಕಟಿಂಗಿನಲ್ಲಿ ಉಳಿದ ಬಟ್ಟೆಯಿಂದ ಒಂದು ಜೇಬು ಹೊಲಿದು ಅವರ ಚಡ್ಡಿಗೋ ಫ್ರಾಕಿಗೋ ಹಾಕಿಕೊಡುತ್ತೇನೆ. ಮಗಳ ಫ್ರಾಕಿನಲ್ಲಿ ಜಾಗವೇ ಉಳಿದಿಲ್ಲ. ಕಲ್ಲು, ಗರಿ, ಚಾಕಲೇಟಿನ ಕಾಗದ, ಯಾರದ್ದೋ ಮನೆಯ ಬೀಗದ ಕೈ ಕೂಡ ಒಂದು ದಿನ ಸಿಕ್ಕಿತು. ಮಗನ ಜೇಬುಗಳಲ್ಲಿ ಒಂದೇ ಒಂದು ಮಾಸಿದ ಡೆನಿಮ್ ಚೂರು, ದಿನಾ ಜೇಬು ಬದಲಾಯಿಸಿಕೊಂಡು ಇರುತ್ತೆ. ಗುಂಡಿ, ರಿವೆಟ್ ಎಲ್ಲ ಅಟ್ಟದ ಮೇಲೆ, ಡಬ್ಬಿಯಲ್ಲಿ ಭದ್ರ. ಸಣ್ಣ ಮಕ್ಕಳ ಬಾಯಿಗೆ ಹೋಗದ ವಸ್ತು ಇಲ್ಲ.

ಇನ್ನು ವಾಕರ್. ಬೇಡ. ಅದರಲ್ಲಿ ಕೂತ ಮಗು ಬೇಗ ನಡೆಯಲ್ಲ, ಮೆಟ್ಟಿಲು, ಬಿಸಿ ಪಾತ್ರೆಗಳ ಕಡೆ ಮಾತ್ರ ಬೇಗ ಹೋಗುತ್ತೆ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವುದೇ ನಿಷೇಧ. ನಿಂತು ತಳ್ಳಿಕೊಂಡು ಹೋಗುವ ಮೂರು ಗಾಲಿಯ ಮರದ ಗಾಡಿ ಬೇರೆ. ಅದರಲ್ಲಿ ಮಗು ತನ್ನ ಕಾಲ ಮೇಲೆ ತಾನು ನಿಂತಿರುತ್ತೆ, ಪಕ್ಕದಲ್ಲಿ ದೊಡ್ಡವರೊಬ್ಬರು ಇದ್ದರೆ ಸಾಕು. ಮನೆಯೊಳಗೆ ಬರಿಗಾಲೇ ಒಳ್ಳೇದು, ಬೆರಳು ನೆಲ ಹಿಡಿಯೋಕೆ ಕಲಿಯುತ್ತವೆ. ಹೊರಗೆ ನಮ್ಮೂರ ಬೇಸಿಗೆಯ ನೆಲಕ್ಕೆ ಕಾಲಿಟ್ಟರೆ ಸುಟ್ಟೇ ಹೋಗುತ್ತೆ, ಅಲ್ಲಿಗೆ ಮೆತ್ತನೆ ತಳದ ಶೂ ಬೇಕು. ಪೀಪಿ ಶೂ ನಡಿಗೆಗೆ ಏನೂ ಸಹಾಯ ಮಾಡಲ್ಲ, ನಿಮ್ಮ ಖುಷಿಗೆ ಬೇಕಾದರೆ ಕೊಡಿಸಿ. ನಾವೂ ಕೊಡಿಸಿದ್ದೆವು. ಮಧ್ಯಾಹ್ನ ಮಲಗಿದ್ದ ಅವ್ವನ ತಲೆ ಹತ್ತಿರ ಅವನು ಒಂದು ಸುತ್ತು ಹಾಕಿದ. ಆಮೇಲೆ ಆ ಶೂ ಎಲ್ಲಿ ಹೋಯಿತು ಅಂತ ಅವಳು ಇವತ್ತಿಗೂ ಹೇಳಿಲ್ಲ.