ಮಾಲ್ಡನ್ ಕದನದಲ್ಲಿ ಬಿರ್ತ್‌ನಾತ್ ವೈಕಿಂಗರಿಗೆ ದಾರಿ ಬಿಟ್ಟುಕೊಟ್ಟದ್ದೇಕೆ?

991ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಮಾಲ್ಡನ್ ಬಳಿ, ಬ್ಲ್ಯಾಕ್‌ವಾಟರ್ ನದಿಯ ಅಳಿವೆಯ ದ್ವೀಪವೊಂದರಲ್ಲಿ ಸ್ಕ್ಯಾಂಡಿನೇವಿಯಾದ ಕಡಲ ದಾಳಿಕೋರರಾದ ವೈಕಿಂಗರು ಬೀಡುಬಿಟ್ಟಿದ್ದರು. ಸಮುದ್ರದ ಉಬ್ಬರ ಇಳಿದಾಗ ಮಾತ್ರ ತೆರೆದುಕೊಳ್ಳುವ ಇಕ್ಕಟ್ಟಾದ ಹಾದಿಯೊಂದೇ ಅದನ್ನು ದಡಕ್ಕೆ ಜೋಡಿಸುತ್ತಿತ್ತು. ಇಂಗ್ಲಿಷ್ ಯೋಧ ವುಲ್ಫ್‌ಸ್ಟನ್ ಮತ್ತು ಇಬ್ಬರು ಸಂಗಡಿಗರು ಅದನ್ನು ಕಾಯ್ದು ನಿಂತರೆಂದು ಈ ಕದನವನ್ನು ಕುರಿತ ಹಳೆಯ ಇಂಗ್ಲಿಷ್ ಕಾವ್ಯ ಹೇಳುತ್ತದೆ. ವೈಕಿಂಗರು ದಾಟಲು ಅವಕಾಶ ಕೇಳಿದಾಗ ಇಂಗ್ಲಿಷ್ ಪಡೆಯ ನಾಯಕ ಬಿರ್ತ್‌ನಾತ್ ಒಪ್ಪಿದನು. ಕವಿ ಇದನ್ನು ಅತಿಯಾದ ಕೆಚ್ಚೆಂದು ಆಕ್ಷೇಪಿಸುತ್ತಾನೆ. ಆದರೆ ಅದೇ ವರ್ಷ ಇಪ್ಸ್‌ವಿಚ್ ಅನ್ನು ಸುಲಿದಿದ್ದ ಈ ಪಡೆ, ಇಲ್ಲಿ ತಡೆದಿದ್ದರೆ ಹಡಗೇರಿ ಇನ್ನೊಂದು ಊರಿನ ಮೇಲೆ ಬೀಳುತ್ತಿತ್ತು. ಆದ್ದರಿಂದ ಅವನ ನಿರ್ಧಾರವನ್ನು ಬರಿಯ ಅಹಂಕಾರವೆನ್ನಲು ನನಗೆ ಮನಸ್ಸಾಗುವುದಿಲ್ಲ. ಬಿರ್ತ್‌ನಾತ್ ಮಡಿದ ಮೇಲೆ ಗೋದ್ರಿಕ್ ಎಂಬವನು ಅವನದೇ ಕುದುರೆಯೇರಿ ಪಲಾಯನ ಮಾಡಿದ್ದರಿಂದ, ನಾಯಕನೇ ಹಿಮ್ಮೆಟ್ಟಿದನೆಂದು ಭಾವಿಸಿ ಹಲವರು ಚದುರಿದರಂತೆ. ಆ ವರ್ಷವೇ ಇಂಗ್ಲಿಷರು ವೈಕಿಂಗರಿಗೆ 10,000 ಪೌಂಡ್ ಕಪ್ಪ ತೆತ್ತರು.