ಗುಣವಾಗದವರ ಮನೆಗೂ ನರ್ಸ್ ಬರಬೇಕು

ಮಾನ್ಯ ಸಂಪಾದಕರೇ,
ನನಗೆ 44 ವರ್ಷ. ಹಾನುಬಾಳಿನ ಹತ್ತಿರ ಮನೆ. 11 ವರ್ಷದಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಇದೆ. ಈಗ ಎರಡೂ ಕಾಲಿಗೆ ಬಲ ಇಲ್ಲ. ಒಂದು ಸೇವಾಸಂಸ್ಥೆಯಿಂದ ವಾರಕ್ಕೆ ಎರಡು ಸಲ ನರ್ಸ್, ಹದಿನೈದು ದಿನಕ್ಕೊಮ್ಮೆ ಫಿಸಿಯೋಥೆರಪಿಯವರು ಮನೆಗೆ ಬರುತ್ತಿದ್ದರು. ಈಗ ‘ನಿಮ್ಮಲ್ಲಿ ಸುಧಾರಣೆ ಕಾಣುತ್ತಿಲ್ಲ, ಬೇಕಾದರೆ ಸಕಲೇಶಪುರದ ಸೆಂಟರ್‌ಗೆ ಬನ್ನಿ’ ಅಂದಿದ್ದಾರೆ. ನಾನು ಬಿಡದೆ ಫೋನ್ ಮಾಡಿ ಕೇಳುತ್ತಿದ್ದೇನೆ. ನೆಂಟರು ‘ಇಷ್ಟು ವರ್ಷ ಪುಕ್ಕಟೆ ಮಾಡಿದ್ದಾರೆ, ಇನ್ನೂ ಜಗಳ ಆಡ್ತೀಯಲ್ಲ’ ಅನ್ನುತ್ತಾರೆ. ನಾನು ಕೇಳುತ್ತಿರುವುದು ದುರಾಸೆಯಾ? ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ.
– ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ತಂಗಿ,

ದುರಾಸೆ ಅಲ್ಲ. ಕ್ಷಮೆ ಕೇಳುವ ಮಾತಂತೂ ಬೇಡವೇ ಬೇಡ. ನಿಮ್ಮ ಪತ್ರದಲ್ಲಿ ನನಗೆ ಬೇಜಾರಾಗಿದ್ದು ಆ ಕೊನೇ ಸಾಲಿಗೆ ಮಾತ್ರ. ಕಾಯಿಲೆ ಬಂದವರು ಎಲ್ಲರ ಹತ್ತಿರವೂ ಕ್ಷಮೆ ಕೇಳಿಕೊಂಡೇ ಬದುಕಬೇಕು ಅಂತ ನಿಮಗೆ ಕಲಿಸಿದವರು ಯಾರು? ಆ ಅಭ್ಯಾಸ ಇವತ್ತೇ ಬಿಡಿ.

ಸಂಸ್ಥೆಯವರಿಗೆ ಕಷ್ಟ ಇಲ್ಲ ಅಂತ ನಾನು ಹೇಳುವುದಿಲ್ಲ. ದೇಣಿಗೆ ಸಾಲುವುದಿಲ್ಲ, ಡೀಸೆಲ್ ದುಬಾರಿ, ಒಳ್ಳೆಯ ನರ್ಸ್‌ಗಳು ಬೆಂಗಳೂರು ಸೇರುತ್ತಾರೆ. ಇರುವ ಒಂದು ಗಾಡಿ ಯಾರ ಮನೆಗೆ ಹೋಗಬೇಕು ಅಂತ ಅವರು ಲೆಕ್ಕ ಹಾಕಲೇಬೇಕು. ಒಪ್ಪಿದೆ. ಆದರೆ ‘ಸುಧಾರಣೆ ಇಲ್ಲ’ ಅನ್ನುವ ಕಾರಣವನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಎಂ.ಎಸ್. ಅಂದರೆ ಏನು? ನರಗಳ ಮೇಲಿನ ಹೊದಿಕೆಯನ್ನು ನಮ್ಮದೇ ದೇಹದ ರೋಗನಿರೋಧಕ ಶಕ್ತಿ ಹಾಳು ಮಾಡುತ್ತಾ ಹೋಗುವ ಕಾಯಿಲೆ. ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ. ಹೆಂಗಸರಿಗೇ ಜಾಸ್ತಿ. ಬರಬರುತ್ತಾ ಏರುವುದೇ ಅದರ ಸ್ವಭಾವ ಆಗಿರುವಾಗ, ನರ್ಸ್ ಬಂದು ಹೋದಮೇಲೆ ನೀವು ಎದ್ದು ನಡೆಯಬೇಕು ಅಂತ ಯಾರಾದರೂ ಕಾಯುತ್ತಾರಾ?

ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗೆ ಮುಂಚೆ ಕಾಫಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಹೊಡೆದ ಮೇಲೆ ಗಿಡ ಎಷ್ಟು ಉದ್ದ ಬೆಳೆಯಿತು ಅಂತ ಯಾರೂ ಅಳೆಯುವುದಿಲ್ಲ. ಎಲೆಗೆ ರೋಗ ಬರಲಿಲ್ಲವಾ, ಕೂಲಿ ಕೊಟ್ಟಿದ್ದು ಸಾರ್ಥಕ.

ಬೇಲೂರು ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡಪ್ಪನ ಮಗನಿಗೆ ಪಾರ್ಕಿನ್ಸನ್ಸ್ ಅನ್ನುವ ನರಗಳ ಕಾಯಿಲೆ. ಮೇಷ್ಟ್ರಾಗಿದ್ದವರು. ಅವರ ಮನೆಗೆ ಬರುತ್ತಿದ್ದ ನರ್ಸ್ ಕೆಲಸವನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಬಂದ ಕೂಡಲೇ ಬಿ.ಪಿ. ಮಿಷನ್ ತೆಗೆಯುತ್ತಿರಲಿಲ್ಲ. ಮೊದಲು ಕಾಲ್ಚೀಲ ಬಿಚ್ಚಿ ಹಿಮ್ಮಡಿ ನೋಡುತ್ತಿದ್ದರು. ಆಮೇಲೆ ಸೊಂಟದ ಹಿಂಭಾಗ. ಎಲ್ಲಾದರೂ ಕೆಂಪಾಗಿದ್ದರೆ ಬೆರಳಲ್ಲಿ ಒತ್ತಿ ಬಿಡುವುದು. ಒತ್ತಿದ ಜಾಗ ಒಂದು ಕ್ಷಣ ಬಿಳಿಚಿಕೊಂಡು ಆಮೇಲೆ ಕೆಂಪಾದರೆ ಸದ್ಯಕ್ಕೆ ಭಯ ಇಲ್ಲ. ಒತ್ತಿದರೂ ಬಿಳಿಚಿಕೊಳ್ಳದೆ ಕೆಂಪಾಗೇ ಉಳಿದರೆ ಅಲ್ಲಿ ಹಾಸಿಗೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಅತ್ತಿಗೆಗೂ ಅದನ್ನು ಕಲಿಸಿದ್ದರು. ಜೂನ್ ತಿಂಗಳ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋದಾಗ ಏರ್‌ಬೆಡ್ ಮೋಟಾರ್ ನಿಂತುಬಿಡುತ್ತದೆ. ಆಗ ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಎರಡು ಮಂಡಿ ನಡುವೆ ದಿಂಬು ಇಡಬೇಕು. ಫಿಸಿಯೋ ಹುಡುಗ ಪಾದ ಹಿಡಿದು ನಿಧಾನಕ್ಕೆ ಮೇಲೆ ಬಗ್ಗಿಸಿ ಹಾಗೇ ಹಿಡಿದುಕೊಳ್ಳುತ್ತಿದ್ದ. ಬಿಟ್ಟರೆ ಪಾದ ಕೆಳಗೆ ಸೆಟೆದುಕೊಳ್ಳುತ್ತದೆ, ಆಮೇಲೆ ಗಾಲಿಕುರ್ಚಿಯಲ್ಲೂ ಸರಿಯಾಗಿ ಕೂರುವುದಕ್ಕೆ ಆಗುವುದಿಲ್ಲ. ಮೇಷ್ಟ್ರು ಎದ್ದು ಓಡಾಡಲಿಲ್ಲ. ಆದರೆ ಹುಣ್ಣಾಗಲಿಲ್ಲ. ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಾರೆ. ಇದು ಫಲಿತಾಂಶ ಅಲ್ವಾ?

ಈ ಜಗಳ ನಿಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆ ಇದೆ. ಅಲ್ಲೂ ‘ಸುಧಾರಣೆ ಇಲ್ಲ’ ಅಂತ ಹೇಳಿ ಮನೆಗೆ ಬರುವ ನರ್ಸ್, ಫಿಸಿಯೋಥೆರಪಿ ನಿಲ್ಲಿಸುತ್ತಿದ್ದರು. ವರ್ಮಾಂಟ್ ರಾಜ್ಯದ ಒಬ್ಬರು ಮುದುಕಿ, ಕಣ್ಣು ಕಾಣದವರು, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು, 2011ರಲ್ಲಿ ಕೋರ್ಟಿಗೆ ಹೋದರು. ಎಂ.ಎಸ್. ಮತ್ತು ಪಾರ್ಕಿನ್ಸನ್ಸ್ ಇದ್ದವರ ಸಂಘಗಳೂ ಜೊತೆಗೆ ನಿಂತವು. 2013ರಲ್ಲಿ ರಾಜಿ ಆಯಿತು, ಕೋರ್ಟು ಅದಕ್ಕೆ ಒಪ್ಪಿಗೆ ಕೊಟ್ಟಿತು. ಇರುವ ಸ್ಥಿತಿ ಕಾಪಾಡುವುದಕ್ಕೆ, ಇನ್ನಷ್ಟು ಕೆಡದಂತೆ ತಡೆಯುವುದಕ್ಕೆ ನುರಿತವರ ಆರೈಕೆ ಬೇಕಿದ್ದರೆ, ಗುಣವಾಗುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ ಅಂತ ತೀರ್ಮಾನವಾಯಿತು. ನೀವು ಫೋನಿನಲ್ಲಿ ಹೇಳುತ್ತಿರುವುದೂ ಇಷ್ಟೇ ತಾನೇ?

ಇಂಗ್ಲೆಂಡಿನ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಹೆಸರು ಎಲ್ಲರಿಗೂ ಗೊತ್ತು. 1963ರಲ್ಲಿ ನರಗಳ ಕಾಯಿಲೆ ಪತ್ತೆಯಾದಾಗ ಅವರಿಗೆ 21 ವರ್ಷ. 1985ರಲ್ಲಿ ನ್ಯುಮೋನಿಯಾ ಆಗಿ ಗಂಟಲಲ್ಲಿ ತೂತು ಮಾಡಿದ ಮೇಲೆ ಮಾತು ಹೋಯಿತು, 24 ಗಂಟೆಯೂ ನರ್ಸ್ ಬೇಕಾಯಿತು. ಅಲ್ಲಿನ ಸರ್ಕಾರಿ ವ್ಯವಸ್ಥೆ ಮನೆಗೆ ಅಷ್ಟು ನರ್ಸ್‌ಗಳನ್ನು ಕಳಿಸಲು ತಯಾರಿರಲಿಲ್ಲ. ಅವರ ಹೆಂಡತಿ ಜೇನ್ ಬಿಡಲಿಲ್ಲ. ಕಂಡಕಂಡ ಕಡೆಗೆ ಪತ್ರ ಬರೆದರು, ಅಮೆರಿಕದ ಒಂದು ಪ್ರತಿಷ್ಠಾನದಿಂದ ದುಡ್ಡು ಹೊಂದಿಸಿದರು. ಹಾಕಿಂಗ್ ಅವರಿಗೆ ಜಗತ್ತಿನಾದ್ಯಂತ ಹೆಸರು ತಂದ ಪುಸ್ತಕ ಬಂದಿದ್ದು 1988ರಲ್ಲಿ, ಅಂದರೆ ಮನೆಗೆ ನರ್ಸ್ ಬರಲು ಶುರುವಾದ ಮೇಲೆ. 2018ರವರೆಗೆ ಬದುಕಿದರು. ‘ಅವರು ಮಹಾ ವಿಜ್ಞಾನಿ, ನಾನು ಯಾರು’ ಅಂತ ನೀವು ಬರೆಯಬೇಡಿ. ಹಿಮ್ಮಡಿಯ ಹುಣ್ಣು ವಿಜ್ಞಾನಿಗೂ ಅಷ್ಟೇ ನೋಯುತ್ತದೆ, ಹಾನುಬಾಳಿನ ಹೆಂಗಸಿಗೂ ಅಷ್ಟೇ ನೋಯುತ್ತದೆ.

ಅಷ್ಟು ದೂರ ಯಾಕೆ, ಪಕ್ಕದ ಕೇರಳ ನೋಡಿ. 2008ರಲ್ಲೇ ಉಪಶಮನ ಆರೈಕೆಗೆ, ಅಂದರೆ ಗುಣವಾಗದ ಕಾಯಿಲೆ ಇದ್ದವರ ನೋವು, ತೊಂದರೆ ಕಡಿಮೆ ಮಾಡುವ ಆರೈಕೆಗೆ ಅಂತ ಸರ್ಕಾರ ಒಂದು ನೀತಿ ತಂದಿತು. ಪಂಚಾಯ್ತಿಯ ನರ್ಸ್ ಮನೆಮನೆಗೆ ಹೋಗುತ್ತಾರೆ, ಊರಿನ ಜನವೂ ಕೈಜೋಡಿಸುತ್ತಾರೆ. ಅಲ್ಲೂ ಗುಡ್ಡ ಇದೆ, ಮಳೆ ಇದೆ.

ನಮ್ಮಲ್ಲಿ ಎಲ್ಲದಕ್ಕೂ ‘ನೀವೇ ಬನ್ನಿ’. ಪಿಂಚಣಿ ತಡೆದರೆ ತಾಲ್ಲೂಕು ಕಚೇರಿಗೆ ಬನ್ನಿ, ಹೆಬ್ಬೆಟ್ಟು ಕೊಡಲು ಬನ್ನಿ, ಅಂಗವಿಕಲತೆ ಸರ್ಟಿಫಿಕೇಟ್‌ಗೆ ಆಸ್ಪತ್ರೆಗೆ ಬನ್ನಿ. ನಡೆಯಲು ಆಗುವುದಿಲ್ಲ ಅಂತ ಬರೆಸಿಕೊಳ್ಳುವುದಕ್ಕೂ ಮೆಟ್ಟಿಲು ಹತ್ತಿಸುತ್ತಾರೆ. ಹಾನುಬಾಳು ಕಡೆಯಿಂದ ಗಾಲಿಕುರ್ಚಿ ಸಮೇತ ಸಕಲೇಶಪುರಕ್ಕೆ ಹೋಗಬೇಕಾದರೆ ಕಾರು ಮಾಡಬೇಕು, ಎತ್ತಿ ಕೂರಿಸಲು ಇಬ್ಬರು ಬೇಕು, ಅವರ ಒಂದು ದಿನದ ಕೂಲಿ ಹೋಗುತ್ತದೆ. ಎಂ.ಎಸ್. ಇದ್ದವರಿಗೆ ಸುಸ್ತೇ ದೊಡ್ಡ ಶತ್ರು. ಬಿಸಿಲು ತಾಕಿದರೆ ಇದ್ದ ಬಲವೂ ಇಳಿಯುತ್ತದೆ. ಹೋಗಿಬರುವ ಹೊತ್ತಿಗೆ ವ್ಯಾಯಾಮದ ಲಾಭ ಎಲ್ಲಿ ಉಳಿಯಿತು? ಇಷ್ಟೆಲ್ಲ ಆದಮೇಲೆ ‘ಮನೇಲಿ ಹೆಂಗಸರು ಇದ್ದಾರಲ್ಲ, ನೋಡ್ಕೋತಾರೆ’ ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅಮ್ಮ, ಹೆಂಡತಿ, ಮಗಳು, ಸೊಸೆ, ಇವರ ಬೆನ್ನುಮೂಳೆಯನ್ನು ಯಾವ ಬಜೆಟ್‌ನಲ್ಲೂ ಲೆಕ್ಕ ಹಿಡಿಯದೆ ಇಡೀ ನಾಡು ಬಳಸಿಕೊಳ್ಳುತ್ತಿದೆ. ಹೊಸ ಕಟ್ಟಡಕ್ಕೆ ದುಡ್ಡು ಸಿಗುತ್ತದೆ, ಉದ್ಘಾಟನೆಗೆ ಪೆಂಡಾಲ್ ಬೀಳುತ್ತದೆ. ಮನೆಗೆ ಹೋಗುವ ನರ್ಸ್‌ಗೆ ಸಂಬಳ ಕೊಡಿ ಅಂದರೆ ಮಾತ್ರ ಅನುದಾನ ಇಲ್ಲ!

2024ರ ಬಜೆಟ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಮಸ್ಕ್ಯುಲರ್ ಡಿಸ್ಟ್ರೋಫಿ, ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್ಸ್, ಎಂ.ಎಸ್. ಇದ್ದವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಸಂತೋಷ. ನಿಮ್ಮ ಮನೆಯವರು ಅರ್ಜಿ ಹಾಕಿದ್ದಾರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಇನ್ನೊಂದು ವಿಷಯಕ್ಕೆ ನಿಮ್ಮನ್ನು ಸ್ವಲ್ಪ ಗದರಬೇಕು. ಎಲ್ಲವನ್ನೂ ಫೋನಿನಲ್ಲೇ ಕೇಳಿದ್ದೀರಿ. ಫೋನಿನ ಮಾತಿಗೆ ಸಾಕ್ಷಿ ಎಲ್ಲಿ? ಸಂಸ್ಥೆಗೆ ಬರವಣಿಗೆಯಲ್ಲಿ ಕೇಳಿ: ಯಾವ ಕಾರಣಕ್ಕೆ, ಯಾರ ತೀರ್ಮಾನದ ಮೇಲೆ, ಯಾವ ತಾರೀಖಿನಿಂದ ನಿಲ್ಲಿಸುತ್ತೀರಿ ಅಂತ. ಅವರು ಕೈಬಿಟ್ಟರೂ ಸರ್ಕಾರದ ಹೊಣೆ ಹೋಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯಲ್ಲಿ ನಿಮ್ಮ ಕಾಯಿಲೆಯ ಹೆಸರೂ ಇದೆ. ಮನೆಯಲ್ಲೇ ಸಿಗುವ ಸೇವೆಯ ಮಾತು 5ನೇ ಕಲಮಿನಲ್ಲಿದೆ. ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವಿಕಲತೆ ಇದ್ದು, ದಿನನಿತ್ಯದ ಕೆಲಸಕ್ಕೆ ಹೆಚ್ಚಿನ ನೆರವು ಬೇಕಾದವರು 38ನೇ ಕಲಮಿನಲ್ಲಿ ಅರ್ಜಿ ಹಾಕಬಹುದು. ನಿಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮನೆಗೇ ಕರೆಸಿ ಅರ್ಜಿ ಬರೆಸಿ. ಹಾಸನದ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ ಒಂದು ಪ್ರತಿ ಹೋಗಲಿ. ಸ್ವೀಕೃತಿ ಇಲ್ಲದೆ ಯಾವ ಕಾಗದವನ್ನೂ ಕೊಡಬೇಡಿ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಬರೆಯಿರಿ. ಹೆಂಗಸರಿಗೆ, ಅಂಗವಿಕಲರಿಗೆ ಅಲ್ಲಿ ಉಚಿತ. ಆದಾಯ ಎಷ್ಟು ಅಂತ ನೋಡುವುದಿಲ್ಲ.

ಸ್ವೀಕೃತಿ ಬಂದ ಪ್ರತಿಗಳ ಜೆರಾಕ್ಸ್ ನಮಗೂ ಕಳಿಸಿ. ನಿಮ್ಮ ಹೆಸರು ಬಾರದ ಹಾಗೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಸಂಸ್ಥೆಯವರು ಉತ್ತರ ಬರೆದರೆ ಅದನ್ನೂ ಪೂರ್ತಿ ಅಚ್ಚು ಮಾಡುತ್ತೇವೆ.

– ಸಂಪಾದಕ, ಹಾಸನ