ಕೆಲಸ ಬಿಡೋದು ಆಮೇಲೆ, ಬ್ಯಾಂಡಿನ ಹೆಸರು ಯಾರದ್ದು ಅಂತ ಮೊದಲು ಬರೆದಿಡಿ

ನಿಮ್ಮದು ನಾಲ್ಕು ವರ್ಷದ ಪಂಕ್-ಗಾತ್ ಬ್ಯಾಂಡ್ (ಪಂಕ್ ರಾಕ್‌ನಿಂದ ಹುಟ್ಟಿದ, ಕತ್ತಲು-ಸಾವಿನ ಗುಂಗಿನ ಸಂಗೀತ), ಐದು ಹಾಡು ರೆಕಾರ್ಡ್ ಆಗಿದೆ, ಇನ್ನು ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯಬೇಕಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ 2009ರಲ್ಲಿ ನಮ್ಮ ಬ್ಯಾಂಡ್ ಪ್ರಾಕ್ಟೀಸ್ ಮಾಡುತ್ತಿದ್ದ ಜ್ಯಾಮ್ ರೂಮ್ ಕಣ್ಣಿಗೆ ಬಂತು.

ಜಯನಗರದ ಒಂದು ಮನೆಯ ಬೇಸ್‌ಮೆಂಟ್. ಗೋಡೆಗೆಲ್ಲ ಹಳೇ ಕಾರ್ಪೆಟ್ ಹೊಡೆದಿದ್ದರು. ಮಳೆಗಾಲದಲ್ಲಿ ಅದರ ಮುಗ್ಗಲು ವಾಸನೆ ಎರಡು ದಿನವಾದರೂ ಬಟ್ಟೆ ಬಿಡುತ್ತಿರಲಿಲ್ಲ. ನಾವು ನಾಲ್ಕು ಜನ. ನಾನು ಹಾಡುತ್ತಿದ್ದೆ, ಸಾಹಿತ್ಯವೂ ನನ್ನದೇ. ಕನ್ನಡದಲ್ಲೇ ಬರೆಯುತ್ತಿದ್ದೆ. ಇಂಗ್ಲೆಂಡಿನ ಚರ್ಚು, ಗೋರಿಗಳನ್ನು ಸಾಲ ತರುವುದು ಯಾಕೆ? ನಮ್ಮೂರಿನ ಕೆರೆ ಏರಿ, ಅದರ ಕೆಳಗಿನ ಸುಡುಗಾಡು, ಅಮಾವಾಸ್ಯೆ ರಾತ್ರಿ ಮೂರು ದಾರಿ ಕೂಡುವಲ್ಲಿ ಇಟ್ಟ ನಿಂಬೆಹಣ್ಣು. ನನಗೆ ಅಷ್ಟು ಸಾಕಿತ್ತು.

ಈ ಸಂಗೀತದಲ್ಲಿ ಗಿಟಾರ್ ನುಡಿಸುವವನ ಕಷ್ಟ ಬೇರೆ. ಇಲ್ಲಿ ದಾರಿ ತೋರಿಸುವುದು ತಗ್ಗು ದನಿಯ ಬೇಸ್ ಗಿಟಾರ್. ಇಂಗ್ಲೆಂಡಿನ ಗಾತ್ ಬ್ಯಾಂಡ್ ಬೌಹೌಸ್ 1979ರಲ್ಲಿ ತಂದ ಮೊದಲ ಸಿಂಗಲ್ ಕೇಳಿರುತ್ತೀರಿ. ಒಂಬತ್ತು ನಿಮಿಷಕ್ಕೂ ಜಾಸ್ತಿ ಇದೆ. ಅಷ್ಟೂ ಹೊತ್ತು ಬೇಸ್ ನಡೆಯುತ್ತೆ, ಗಿಟಾರ್ ಕತ್ತಲಲ್ಲಿ ಗೋಡೆ ಕೆರೆದ ಹಾಗೆ ಕೆರೆಯುತ್ತೆ. ನಮ್ಮ ಗಿಟಾರಿಸ್ಟ್‌ಗೆ ಒಳ್ಳೆ ಕೈ ಇತ್ತು, ಅವನಿಗೆ ಸೋಲೋ ನುಡಿಸಬೇಕಿತ್ತು. 2007ರ ಮಾರ್ಚಿನಲ್ಲಿ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹೋದ ಮೇಲಂತೂ ನಾವು ಎಲ್ಲಿ ನುಡಿಸಿದರೂ ಜನ ಕೇಳುತ್ತಿದ್ದುದು ಮೆಟಲ್. ಅವನು ಆ ಕಡೆ ವಾಲಿದ. ಅದು ತಪ್ಪಲ್ಲ.

ತಪ್ಪು ಆಗಿದ್ದು ರೆಕಾರ್ಡಿಂಗ್ ದಿನ. ಆರು ಹಾಡಿಗೆ ಸ್ಟುಡಿಯೋ, ಮಿಕ್ಸಿಂಗ್ ಸೇರಿ 48 ಸಾವಿರ ಆಯಿತು. ಅವನಿಗೆ ಒಳ್ಳೆ ಸಂಬಳ, 30 ಸಾವಿರ ಹಾಕಿದ. ಉಳಿದ ಮೂವರು ತಲಾ ಆರು ಸಾವಿರ ಕೊಟ್ಟೆವು, ಅದೂ ಕೈಯಿಂದ ಕೈಗೆ. ಬಿಲ್ ಅವನ ಹೆಸರಿಗೆ ಬಂತು. ಸ್ಟುಡಿಯೋ ಜೊತೆ ಮಾತುಕತೆಯೆಲ್ಲ ಅವನ ಇಮೇಲಿನಲ್ಲಿ. ಹಾರ್ಡ್ ಡಿಸ್ಕ್ ಅವನ ಮನೆಗೆ ಹೋಯಿತು. ಬ್ಯಾಂಡಿನ ಹೆಸರಲ್ಲಿದ್ದ ಖಾತೆಗಳ ಪಾಸ್‌ವರ್ಡೂ ಅವನ ಹತ್ತಿರವೇ. ನಮ್ಮವನೇ ಅಲ್ವಾ ಅಂದುಕೊಂಡೆವು. ಒಂದು ಸಾಲು ಬರೆದುಕೊಳ್ಳಲಿಲ್ಲ.

ಮರುವರ್ಷ ಜಗಳ ಆಯಿತು. ಅವನು ಹೊಸಬರನ್ನು ಸೇರಿಸಿಕೊಂಡು ನಮ್ಮ ಹೆಸರಿನಲ್ಲೇ ಮೆಟಲ್ ನುಡಿಸತೊಡಗಿದ. ಒಂದು ಕಾಲೇಜಿನ ಫೆಸ್ಟ್ ಪೋಸ್ಟರಿನಲ್ಲಿ ನಮ್ಮ ಹೆಸರು ನೋಡಿ ನಮ್ಮ ಹಳೇ ಕೇಳುಗರೊಬ್ಬರು ನನಗೆ ಫೋನ್ ಮಾಡಿದರು, ಎಷ್ಟು ಗಂಟೆಗೆ ಶುರು ಅಂತ. ಏನು ಹೇಳಲಿ?

ಆಗ ಪರಿಚಯದ ವಕೀಲರೊಬ್ಬರು ಕೂರಿಸಿ ವಿವರಿಸಿದರು. ನಿಮಗೂ ಇದು ಗೊತ್ತಿರಲಿ. ಹಾಡು ಬೇರೆ, ಅದರ ರೆಕಾರ್ಡಿಂಗ್ ಬೇರೆ. ನಾನು ಬರೆದ ಸಾಲು ನನ್ನದು, ರಾಗ ಕಟ್ಟಿದವರದ್ದು ರಾಗ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ರೆಕಾರ್ಡಿಂಗಿನ ಪ್ರೊಡ್ಯೂಸರ್ ಅಂದರೆ ಅದನ್ನು ಮಾಡಿಸಲು ಮುಂದಾಗಿ ಹೊಣೆ ಹೊತ್ತವನು. ಬೇರೆ ಕರಾರು ಇಲ್ಲದಿದ್ದರೆ ಹಕ್ಕು ಅವನ ಕಡೆಗೇ ವಾಲುತ್ತದೆ. ನಮ್ಮ ವಿಷಯದಲ್ಲಿ ಬಿಲ್, ಇಮೇಲ್, ಡಿಸ್ಕ್ ಎಲ್ಲ ಅವನ ಕಡೆ. ನಾವು ಕೊಟ್ಟ 18 ಸಾವಿರಕ್ಕೆ ಒಂದು ಚೀಟಿಯೂ ಇರಲಿಲ್ಲ. ಅವನನ್ನು ನಾನು ಕಳ್ಳ ಅನ್ನುವುದಿಲ್ಲ. ಹೆಚ್ಚು ದುಡ್ಡು ಹಾಕಿದ್ದು ಅವನೇ, ಓಡಾಡಿದ್ದೂ ಅವನೇ. ಅವನ ಪಾಲು ಎಷ್ಟು, ನಮ್ಮದೆಷ್ಟು ಅಂತ ಸ್ನೇಹ ಚೆನ್ನಾಗಿದ್ದಾಗ ಕೇಳಲು ನಾಚಿಕೆಪಟ್ಟೆವು. ಆ ನಾಚಿಕೆಗೆ ಆರು ಹಾಡಿನ ರೆಕಾರ್ಡಿಂಗ್ ಹೋಯಿತು.

ಈ ಸಂಗೀತದ ಇತಿಹಾಸದಲ್ಲೂ ಇದೇ ಕಥೆ. ಇಂಗ್ಲೆಂಡಿನ ಸಿಸ್ಟರ್ಸ್ ಆಫ್ ಮರ್ಸಿ ಬ್ಯಾಂಡಿನಿಂದ 1985ರಲ್ಲಿ ಹೊರಬಂದ ಇಬ್ಬರು ಸಿಸ್ಟರ್‌ಹುಡ್ ಅಂತ ಹೆಸರಿಟ್ಟುಕೊಂಡರು. ಆ ಬ್ಯಾಂಡಿನ ಹಾಡುಗಾರ ಆಂಡ್ರ್ಯೂ ಎಲ್ಡ್ರಿಚ್ ಅದೇ ಹೆಸರಿನಲ್ಲಿ ತಾನೇ ಮೊದಲು ರೆಕಾರ್ಡ್ ತಂದುಬಿಟ್ಟರು. ಹೊರಬಂದ ಇಬ್ಬರು ಬೇರೆ ಹೆಸರು ಹುಡುಕಬೇಕಾಯಿತು, ಅವರ ಬ್ಯಾಂಡ್ ಮಿಷನ್ ಆಯಿತು. ಲಾಸ್ ಏಂಜಲೀಸಿನ ಕ್ರಿಶ್ಚಿಯನ್ ಡೆತ್ ಅನ್ನೋ ಬ್ಯಾಂಡ್ ಕಟ್ಟಿದ್ದು ರಾಝ್ ವಿಲಿಯಮ್ಸ್. 1985ರಲ್ಲಿ ಅವರು ಹೊರಹೋದ ಮೇಲೆ ಬ್ಯಾಂಡಿನ ಗಿಟಾರಿಸ್ಟ್ ವ್ಯಾಲರ್ ಅದೇ ಹೆಸರಿನಲ್ಲಿ ಮುಂದುವರಿಸಿದರು. ಆಮೇಲೆ ರಾಝ್ ಕೂಡ ಅದೇ ಹೆಸರಿನಲ್ಲಿ ನುಡಿಸಿದರು. ಒಂದು ಹೆಸರು, ಎರಡು ಬ್ಯಾಂಡ್. ಇಂಗ್ಲೆಂಡಿನ ಜಾಯ್ ಡಿವಿಷನ್ ಬ್ಯಾಂಡಿನವರು ಮಾತ್ರ ಮೊದಲೇ ಮಾತಾಡಿಕೊಂಡಿದ್ದರು, ಒಬ್ಬರು ಇಲ್ಲವಾದರೂ ಆ ಹೆಸರು ಮುಂದೆ ಬೇಡ ಅಂತ. 1980ರ ಮೇನಲ್ಲಿ ಅವರ ಹಾಡುಗಾರ ಇಯಾನ್ ಕರ್ಟಿಸ್ ತೀರಿಹೋದಾಗ ಉಳಿದವರು ಮಾತು ಉಳಿಸಿಕೊಂಡರು, ನ್ಯೂ ಆರ್ಡರ್ ಆದರು. ಅಷ್ಟು ದುಃಖದಲ್ಲಿ ಹೆಸರಿಗಾಗಿ ಕಿತ್ತಾಡುವ ಪ್ರಸಂಗ ಅವರಿಗೆ ಬರಲಿಲ್ಲ. ಅದಕ್ಕೆ ಅವರ ಬಗ್ಗೆ ನನಗೆ ತುಂಬಾ ಗೌರವ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೆಲಸ ಬಿಡಬೇಡಿ, ಅದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ಈ ಸಂಗೀತ ಮನೆ ಬಾಡಿಗೆ ಕಟ್ಟುವುದಿಲ್ಲ. ಸಂಬಳ ಬರುತ್ತಿದ್ದರೆ ಯಾರಿಗೋಸ್ಕರವೂ ಹಾಡು ಬದಲಾಯಿಸಬೇಕಾಗಿಲ್ಲ. ಈ ಭಾನುವಾರ ಪ್ರಾಕ್ಟೀಸ್ ಬಿಟ್ಟು ಎಲ್ಲರೂ ಕೂತು ಬರೆಯಿರಿ. ಅಣ್ಣತಮ್ಮಂದಿರು ಬೇರೆಯಾಗುವಾಗ ಪಾರೀಕತ್ತು ಬರೆಸುತ್ತಾರಲ್ಲ, ನಮ್ಮ ತಾತ ಬಾವಿ ನೀರಿನ ಪಾಳಿಯನ್ನೂ ಬರೆಸಿದ್ದರು. ಹಾಗೆ. ಹೆಸರು ಯಾರದ್ದು, ಒಬ್ಬರು ಹೋದರೆ ಅದು ಏನಾಗಬೇಕು, ಪ್ರತಿ ಹಾಡಿನಲ್ಲಿ ಯಾರ ಪಾಲೆಷ್ಟು, ರೆಕಾರ್ಡಿಂಗಿಗೆ ಯಾರು ಎಷ್ಟು ಕೊಟ್ಟರು. ಎಲ್ಲರೂ ಸಹಿ ಹಾಕಿ. ಫೈಲುಗಳ ಪ್ರತಿ ಪ್ರತಿಯೊಬ್ಬರ ಹತ್ತಿರ ಇರಲಿ, ಮಿಕ್ಸ್ ಆಗುವ ಮೊದಲಿನ ಟ್ರ್ಯಾಕುಗಳೂ ಸೇರಿ. ಕೈಲಾದರೆ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ, ಮನರಂಜನೆ 41ನೇ ವರ್ಗದಲ್ಲಿ ಬರುತ್ತದೆ. ಯಾರಾದರೂ ಸಹಿ ಹಾಕಲು ಹಿಂಜರಿದರೆ ಅದು ಈಗಲೇ ಗೊತ್ತಾಗುವುದು ಒಳ್ಳೆಯದು.

ನಮ್ಮ ಬೇಸಿಸ್ಟ್ ಈಗಲೂ ನನ್ನ ಗೆಳೆಯ. ಅವನು ಜ್ಯಾಮ್ ರೂಮಿನಲ್ಲಿ ಫೋನಿನಿಂದ ಹಿಡಿದಿಟ್ಟ ಒಂದು ಹಾಡು ನಮ್ಮ ಹತ್ತಿರ ಉಳಿದಿದೆ. ಅದರಲ್ಲಿ ಬೇಸ್ ಚೆನ್ನಾಗಿ ಕೇಳುತ್ತೆ. ನನ್ನ ದನಿ ದೂರದಲ್ಲಿದೆ, ಮೇಲೆ ಫ್ಯಾನ್ ತಿರುಗುವ ಸದ್ದು.